ಮೂರು ಗಂಟೆಯ ಮೊಟ್ಟೆಯಲ್ಲಿ ಬದು ಕಂಡಿದ್ದು: ನನ್ನ ಅನುಭವ

ಫ್ಯಾಬ್-7 ಬೌಂಡರಿಯ (ಡಿಎನ್‌ಎಯ ಒಂದು ಭಾಗವನ್ನು ಪಕ್ಕದ ಭಾಗದಿಂದ ಬೇರೆ ಇಡುವ ಗಡಿ) ಒಂದು ಸಣ್ಣ ತುಂಡು ಹಣ್ಣುನೊಣದ ಭ್ರೂಣದಲ್ಲಿ ಮೊದಲ ಕೆಲವು ಗಂಟೆ ಎನ್‌ಹ್ಯಾನ್ಸರನ್ನು (ಜೀನನ್ನು ದೂರದಿಂದಲೇ ಆನ್ ಮಾಡುವ ಡಿಎನ್‌ಎಯನ್ನು) ತಡೆಯುತ್ತದೆ, ಆಮೇಲೆ ಕೈಬಿಡುತ್ತದೆ. ಇದನ್ನು ಕಂಡುಹಿಡಿದಿದ್ದು ನಾನಲ್ಲ. ಪ್ರಿನ್ಸ್‌ಟನ್ನಿನ ಪಾಲ್ ಶೆಡ್ಲ್ ಅವರ ಗುಂಪು 2008ರಲ್ಲೇ ಬರೆದಿದೆ. ನಮ್ಮದು ಏನಂದರೆ, ಮೈಸೂರಿನ ಒಂದು ಪುಟ್ಟ ಲ್ಯಾಬಲ್ಲಿ, ಇಂಜೆಕ್ಟರ್ ಮೆಷಿನ್ ಇಲ್ಲದೆ, 50 ಎಂಎಲ್ ಸಿರಿಂಜ್ ಹಿಡಿದು, ನಾವೇ ಮಾಡಿದ ಟ್ರಾನ್ಸ್‌ಜೆನಿಕ್ ಲೈನಲ್ಲಿ (ಹೊರಗಿನ ಡಿಎನ್‌ಎ ಸೇರಿಸಿದ ನೊಣದ ವಂಶದಲ್ಲಿ) ಅದನ್ನು ಕಣ್ಣಾರೆ ನೋಡಿದೆವು. ಎರಡು ವರ್ಷ ಎಂಟು ತಿಂಗಳು ಹಿಡಿಯಿತು. ಆಗಲ್ಲ ಅಂದವರೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ನೊಣದ ಕೆಲಸ ಗೊತ್ತಿರುವವರಿಗೆ ಇದು. ಬೈಥೊರಾಕ್ಸ್ ಕಾಂಪ್ಲೆಕ್ಸ್ (ನೊಣದ ಮೈಯ ಹಿಂಭಾಗ ಹೇಗೆ ಬೆಳೆಯಬೇಕು ಅಂತ ಹೇಳುವ ಜೀನುಗಳ ಗುಂಪು) ಅಂದರೇನು, ಅದರ ಮೂರು ಜೀನು ಯಾವುವು, ಎಡ್ ಲೂಯಿಸ್ 1978ರಲ್ಲಿ ಏನು ಹೇಳಿದರು ಅನ್ನೋದನ್ನೆಲ್ಲ ಇಲ್ಲಿ ಮತ್ತೆ ಹೇಳಲ್ಲ. ಒಂದು ಮಾತು ಮಾತ್ರ. ನಾನು ಬೌಂಡರಿಗೆ 'ಬದು' ಅಂತ ಕರೆಯುತ್ತೇನೆ. ನಮ್ಮಪ್ಪ ಮಂಡ್ಯ ಕಡೆ ಗದ್ದೆ ಮಾಡುವವರು. ಒಂದು ಸಲ ಲ್ಯಾಬ್ ನೋಡೋಕೆ ಬಂದಾಗ 'ಏನು ಮಾಡ್ತೀಯಪ್ಪಾ ಇಲ್ಲಿ' ಅಂದರು. ಐಎಬಿ-6 ಒಂದು ಗದ್ದೆ, ಐಎಬಿ-7 ಪಕ್ಕದ ಗದ್ದೆ, ನಡುವೆ ಫ್ಯಾಬ್-7 ಅನ್ನೋ ಬದು ಇದೆ, ಬದು ಒಡೆದರೆ ಏಳನೇ ಗದ್ದೆಯ ನೀರು ಆರಕ್ಕೆ ನುಗ್ಗುತ್ತೆ, ಆರನೇ ಹೊಟ್ಟೆಭಾಗ ಏಳರ ಹಾಗೆ ಬೆಳೆಯುತ್ತೆ ಅಂದೆ. ಗಂಡು ನೊಣದಲ್ಲಿ ಏಳನೇ ಭಾಗ ಹೊರಗೆ ಕಾಣೋದೇ ಇಲ್ಲ, ಹಾಗಾಗಿ ಬದು ಹೋದರೆ ಆರನೆಯದೂ ಮಾಯ ಅಂತ ಬಾಟಲಿಯಿಂದ ಒಂದು ಮ್ಯೂಟೆಂಟ್ ಗಂಡು ತೆಗೆದು ತೋರಿಸಿದೆ. ಅಪ್ಪ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. 'ಬದು ಯಾವತ್ತೂ ಗಟ್ಟಿಯಾಗೇ ಇರಬೇಕಾ, ಇಲ್ಲ ಒಂದೊಂದು ಹೊತ್ತಲ್ಲಿ ಸಾಕಾ?' ಅಂದರು. ನಾನು ಉತ್ತರ ಹುಡುಕುತ್ತಿದ್ದುದೂ ಅದಕ್ಕೇ.

ಪ್ಲಾನ್ ಸರಳವಾಗಿತ್ತು. ಎಫ್‌ಟಿಜೆಡ್ ಜೀನಿನ ಎರಡು ಎನ್‌ಹ್ಯಾನ್ಸರ್ ತಗೋಬೇಕು. ಒಂದು ಬೇಗ ಕೆಲಸ ಮಾಡುವ ಯುಪಿಎಸ್, ಇದು ಬ್ಲಾಸ್ಟೊಡರ್ಮ್ ಹೊತ್ತಿಗೆ (ಭ್ರೂಣದ ಅಂಚಿನಲ್ಲಿ ಜೀವಕೋಶದ ಸಾಲು ಕಟ್ಟುವಾಗ) ಏಳು ಪಟ್ಟಿ ಕೊಡುತ್ತದೆ. ಇನ್ನೊಂದು ತಡವಾಗಿ ನರಮಂಡಲದಲ್ಲಿ ಕೆಲಸ ಮಾಡುವ ಎನ್‌ಇ. ಮುಂದೆ ಎಚ್‌ಎಸ್‌ಪಿ70 ಪ್ರೊಮೋಟರ್ (ಜೀನು ಓದೋಕೆ ಶುರುವಾಗುವ ಜಾಗ), ಲ್ಯಾಕ್-ಝಡ್ (ಆನ್ ಆದರೆ ಬಣ್ಣದಲ್ಲಿ ಕಾಣುವ ಜೀನು). ಮಧ್ಯೆ ಬದು. 1996ರಲ್ಲಿ ಶೆಡ್ಲ್ ಗುಂಪು ಮಾಡಿದ ಜೋಡಣೆಯೇ ಇದು. ಅದೇ ವರ್ಷ ಮೈಕ್ ಲೆವೀನ್ ಗುಂಪೂ ಬೇರೆ ಎನ್‌ಹ್ಯಾನ್ಸರ್ ಇಟ್ಟು ಫ್ಯಾಬ್-7 ಭ್ರೂಣದಲ್ಲಿ ತಡೆಯುತ್ತೆ ಅಂತ ತೋರಿಸಿತ್ತು. ನಾನು ಸೇರಿಸಿದ್ದು ತುಂಡಿನ ಎರಡೂ ಬದಿಗೆ ಒಂದೊಂದು ಲಾಕ್ಸ್-ಪಿ, ಅಂದರೆ ಕ್ರೀ ಅನ್ನೋ ಕಿಣ್ವ ಕತ್ತರಿಸುವ ಗುರುತು. ಲೈನ್ ಸಿಕ್ಕಿದ ಮೇಲೆ ಕ್ರೀ ನೊಣದ ಜೊತೆ ಕ್ರಾಸ್ ಮಾಡಿದರೆ ತುಂಡು ಕಿತ್ತುಹೋಗುತ್ತದೆ. ಅದೇ ಜಾಗ, ಅದೇ ಅಕ್ಕಪಕ್ಕ. ಬದು ಇದ್ದಾಗ ಹೇಗೆ, ಇಲ್ಲದಾಗ ಹೇಗೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಜಗಳ ಶುರುವಾಗಿದ್ದು ಇಲ್ಲೇ. ಜೋಡಿಸಿದ ಡಿಎನ್‌ಎಯನ್ನು (ಕನ್‌ಸ್ಟ್ರಕ್ಟ್) ಪಿ ಎಲಿಮೆಂಟ್, ಅಂದರೆ ಜೀನೋಮಿಗೆ ಹಾರಿ ಕೂರುವ ಡಿಎನ್‌ಎ, ಅದರ ಮೇಲೆ ಹೊರಿಸಿ ನೊಣಕ್ಕೆ ಸೇರಿಸುತ್ತೇನೆ ಅಂತ ಒಂದು ಮೀಟಿಂಗಿನಲ್ಲಿ ಪೋಸ್ಟರ್ ಹಾಕಿದ್ದೆ. ಹಿರಿಯರೊಬ್ಬರು ನಿಂತು ಓದಿದರು. 'ಈ ಕಾಲದಲ್ಲಿ ಪಿ ಎಲಿಮೆಂಟ್ ಯಾರಪ್ಪಾ ಬಳಸ್ತಾರೆ? ಎಲ್ಲಿ ಬೇಕಾದರೂ ಹೋಗಿ ಕೂರುತ್ತೆ. ಅಟ್-ಪಿ ಸೈಟಿಗೆ, ಗೊತ್ತಿರೋ ಒಂದೇ ಜಾಗಕ್ಕೆ ಹಾಕಿಸು. ದುಡ್ಡು ಕೊಟ್ಟು ಇಂಜೆಕ್ಟ್ ಮಾಡಿಸು. ನಿಮ್ಮ ಲ್ಯಾಬಲ್ಲಿ ಸೂಜಿ ಎಳೆಯೋ ಮೆಷಿನ್ನೂ ಇಲ್ಲ ಅಲ್ವಾ?' ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ನಮ್ಮ ಹತ್ತಿರ ಉಳಿದಿದ್ದ ಹಣ ಒಂದು ಲಕ್ಷದ ಮೇಲೆ ಚೂರು. ನನ್ನ ಪಟ್ಟಿಯಲ್ಲಿ ಒಂಬತ್ತು ಕನ್‌ಸ್ಟ್ರಕ್ಟ್. ಹೊರಗೆ ಕೊಟ್ಟರೆ ಒಂದಕ್ಕೆ ಇಪ್ಪತ್ತು ಸಾವಿರದ ಆಸುಪಾಸು ಅಂತ ಆಗ ಕೇಳಿದ್ದೆ. ಇಂಜೆಕ್ಷನ್ನಿಗೇ ಎಲ್ಲ ಮುಗಿದು, ಪ್ರೋಬ್ ಮಾಡೋಕೆ, ಆಂಟಿಬಾಡಿ ತರೋಕೆ ಏನೂ ಉಳಿಯುತ್ತಿರಲಿಲ್ಲ. ಜಾಗದ ಪ್ರಶ್ನೆಗೆ ಲಾಕ್ಸ್-ಪಿ ಸಾಕು ಅಂತ ನನಗೆ ಖಾತ್ರಿ ಇತ್ತು. ಒಂದೇ ಸೈಟಲ್ಲಿ ಹತ್ತು ಕನ್‌ಸ್ಟ್ರಕ್ಟ್ ಹೋಲಿಸೋಕೆ ಅಟ್-ಪಿ ಚೆನ್ನ. ಒಂದು ಕನ್‌ಸ್ಟ್ರಕ್ಟನ್ನು ಅದರ ಜೊತೆಗೇ ಹೋಲಿಸೋಕೆ ಮೂರ್ನಾಲ್ಕು ಬೇರೆ ಬೇರೆ ಜಾಗದ ಲೈನ್ ಇದ್ದರೆ ಇನ್ನೂ ಒಳ್ಳೆಯದು ಅಂತ ಈಗಲೂ ಹೇಳುತ್ತೇನೆ. ನಮ್ಮ ಲ್ಯಾಬಿನ ಮೇಡಂ ಮಾತ್ರ ಒಪ್ಪಿದರು. 'ಆರು ತಿಂಗಳು ಕೊಡ್ತೀನಿ, ನೋಡೋಣ' ಅಂದರು.

ಸಾಮಾನು ಹೊಂದಿಸಿದ್ದು ಹೀಗೆ. ಉಲ್ಟಾ ಮೈಕ್ರೋಸ್ಕೋಪ್ ಪಕ್ಕದ ವಿಭಾಗದ್ದು, ಭಾನುವಾರ ಮತ್ತು ಸಂಜೆ ಆರರ ಮೇಲೆ ನಮಗೆ. ಮೈಕ್ರೋಮ್ಯಾನಿಪುಲೇಟರ್ (ಸೂಜಿಯನ್ನು ಚೂರುಚೂರೇ ಸರಿಸುವ ಉಪಕರಣ) ನರಕೋಶದ ಕೆಲಸ ಮಾಡುವ ಒಬ್ಬರು ಕಪಾಟಿನಲ್ಲಿ ಇಟ್ಟಿದ್ದು, ಒಂದು ಸ್ಕ್ರೂ ಹೋಗಿತ್ತು, ಸೈಕಲ್ ಶಾಪಿನಲ್ಲಿ ಹಾಕಿಸಿದೆ. ಸೂಜಿ ಎಳೆಯೋದು ಇನ್ನೊಂದು ವಿಭಾಗದಲ್ಲಿ, ಒಂದೇ ದಿನ ಐವತ್ತು ಎಳೆದು ಪೆಟ್ರಿ ಡಿಶ್ಶಲ್ಲಿ ಜೇಡಿಮಣ್ಣಿನ ಮೇಲೆ ಮಲಗಿಸಿ ತಂದುಬಿಡುತ್ತಿದ್ದೆ. ಒತ್ತಡಕ್ಕೆ 50 ಎಂಎಲ್ ಗಾಜಿನ ಸಿರಿಂಜ್, ಒಂದು ಮಾರು ಟ್ಯೂಬು, ಒಂದು ಮೂರುದಾರಿ ಸ್ಟಾಪ್‌ಕಾಕ್. ಎಲ್ಲ ಸೇರಿ ಆರುನೂರು ರೂಪಾಯಿ ಆಗಿರಬೇಕು. ಹ್ಯಾಲೋಕಾರ್ಬನ್ ಎಣ್ಣೆಗೆ ಮಾತ್ರ ಜೀವ ಹೋಯಿತು, ಸಣ್ಣ ಬಾಟಲಿಗೆ ಹನ್ನೆರಡು ಸಾವಿರದ ಹತ್ತಿರ. ಅದನ್ನು ಉಳಿಸೋಕೆ ಹೋಗಿ ಒಂದು ವಾರ ಬೇರೆ ಎಣ್ಣೆ ಪ್ರಯತ್ನ ಮಾಡಿದೆ. ಕೊಬ್ಬರಿ ಎಣ್ಣೆ 18 ಡಿಗ್ರಿ ರೂಮಿನಲ್ಲಿ ಬೆಣ್ಣೆಯ ಹಾಗೆ ಗಟ್ಟಿಯಾಯಿತು. ಪ್ಯಾರಾಫಿನ್ ಎಣ್ಣೆಯಲ್ಲಿ ಮೊಟ್ಟೆಗಳು ಉಸಿರು ಕಟ್ಟಿ ಸತ್ತವು. ಹ್ಯಾಲೋಕಾರ್ಬನ್ ಒಳಗೆ ಆಮ್ಲಜನಕ ದಾಟುತ್ತೆ, ಅದಕ್ಕೇ ಆ ಬೆಲೆ.

ಮೊಟ್ಟೆ ಹಾಕಿಸೋ ಪ್ಲೇಟಿಗೆ ಎಲ್ಲರೂ ಡಬ್ಬಿ ದ್ರಾಕ್ಷಿ ರಸ ತರುತ್ತಾರೆ. ನಾವು ದೇವರಾಜ ಮಾರ್ಕೆಟಿನಿಂದ ಬೆಂಗಳೂರು ಬ್ಲೂ ದ್ರಾಕ್ಷಿ ತಂದು, ತೊಳೆದು, ಕುದಿಸಿ, ಸೋಸಿ, ಅಗರ್ ಹಾಕಿದೆವು. ಕಪ್ಪು ಬಣ್ಣದ ಮೇಲೆ ಬಿಳಿ ಮೊಟ್ಟೆ ಎದ್ದು ಕಾಣುತ್ತೆ, ಯೀಸ್ಟ್ ಪೇಸ್ಟ್ ಒಂದು ಚುಕ್ಕೆ ಇಟ್ಟರೆ ಹೆಣ್ಣುಗಳು ಅರ್ಧ ಗಂಟೆಯಲ್ಲಿ ಸಾಲು ಸಾಲು ಇಡುತ್ತವೆ. ಇದರಲ್ಲಿ ನನಗೆ ಒಂದೂ ದೂರಿಲ್ಲ. ಊಟ ಮಾತ್ರ ಕೈಕೊಟ್ಟಿತು. ನಮ್ಮೂರ ನೊಣದ ಲ್ಯಾಬುಗಳ ಹಳೇ ಪದ್ಧತಿ ಗೊತ್ತಲ್ಲ, ಲೀಟರ್ ನೀರಿಗೆ ನೂರು ಗ್ರಾಂ ಬೆಲ್ಲ, ನೂರು ಗ್ರಾಂ ರವೆ, ಎಂಟು ಗ್ರಾಂ ಅಗರ್, ಏಳೂವರೆ ಎಂಎಲ್ ಪ್ರೊಪಿಯಾನಿಕ್ ಆಸಿಡ್. ಮೊದಲ ವರ್ಷ ಏಪ್ರಿಲ್‌ನಲ್ಲಿ ಮೊಟ್ಟೆ ಸಂಖ್ಯೆ ಅರ್ಧಕ್ಕಿಳಿಯಿತು. ಇನ್‌ಕ್ಯುಬೇಟರ್ ಸರಿ ಇದೆ, ಸ್ಟಾಕ್ ಸರಿ ಇದೆ. ಮೂರು ವಾರ ಒದ್ದಾಡಿದ ಮೇಲೆ ಫ್ಲೈ ರೂಮಿನ ಅಣ್ಣ ಹೇಳಿದರು, 'ಈ ಸಲ ಬೆಲ್ಲ ಬೆಳ್ಳಗಿದೆ ಸರ್'. ಅಂಗಡಿ ಬದಲಾಗಿತ್ತು. ಬಿಳಿ ಬೆಲ್ಲಕ್ಕೆ ಬಣ್ಣ ತೆಗೆಯೋ ಪುಡಿ ಹಾಕಿರುತ್ತಾರೆ. ನಾಲ್ಕು ಬಾಟಲಿ ಬಿಳಿ ಬೆಲ್ಲ, ನಾಲ್ಕು ಬಾಟಲಿ ಕಪ್ಪು ಬೆಲ್ಲ ಇಟ್ಟು ನೋಡಿದೆ. ಕಪ್ಪು ಬೆಲ್ಲದ ಬಾಟಲಿಯಲ್ಲಿ ಹುಳು ಗೋಡೆ ಹತ್ತಿ ತುಂಬಿಕೊಂಡಿದ್ದವು. ಅವತ್ತಿನಿಂದ ಕಪ್ಪು ಬೆಲ್ಲವೇ.

ಈಗ ಇಂಜೆಕ್ಷನ್. ಅರ್ಧ ಗಂಟೆ ಮೊಟ್ಟೆ ಕೂಡಿಸೋದು, ಬ್ಲೀಚಲ್ಲಿ ಹೊರಸಿಪ್ಪೆ ತೆಗೆಯೋದು, ಸಾಲಾಗಿ ಜೋಡಿಸೋದು, ಒಣಗಿಸೋದು, ಎಣ್ಣೆ ಹಾಕಿ ಹಿಂತುದಿಯಲ್ಲಿ ಚುಚ್ಚೋದು. ಪೋಲ್ ಸೆಲ್ (ಮುಂದೆ ಮೊಟ್ಟೆ, ವೀರ್ಯ ಆಗುವ ಜೀವಕೋಶ) ಆಗೋದು 25 ಡಿಗ್ರಿಯಲ್ಲಿ ಒಂದೂವರೆ ಗಂಟೆಗೆ. ಅಷ್ಟರೊಳಗೆ ಮುಗಿಸಬೇಕು. 18 ಡಿಗ್ರಿ ರೂಮಿನಲ್ಲಿ ಕೂತರೆ ಸ್ವಲ್ಪ ಉಸಿರಾಡಲು ಹೊತ್ತು ಸಿಗುತ್ತೆ.

ನಮ್ಮನ್ನು ಸೋಲಿಸಿದ್ದು ಒಣಗಿಸೋ ಹಂತ. ಫೆಬ್ರವರಿಯಲ್ಲಿ ಸಿಲಿಕಾ ಜೆಲ್ ಡಬ್ಬಿಯಲ್ಲಿ ಆರು ನಿಮಿಷ ಇಟ್ಟರೆ ಸರಿಯಾಗಿತ್ತು. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಆರು ನಿಮಿಷಕ್ಕೆ ಮೊಟ್ಟೆ ಇನ್ನೂ ಉಬ್ಬಿಕೊಂಡೇ ಇರುತ್ತಿತ್ತು. ಚುಚ್ಚಿದ ತಕ್ಷಣ ಒಳಗಿನದೆಲ್ಲ ಹೊರಗೆ. ಹನ್ನೆರಡು ನಿಮಿಷ ಇಟ್ಟರೆ ಸಾಲಿನ ತುದಿಯವು ಸುಕ್ಕುಗಟ್ಟಿ ಸತ್ತವು. ಆ ತಿಂಗಳು ನಾಲ್ಕುನೂರು ಮೊಟ್ಟೆ ಚುಚ್ಚಿ ಹೊರಬಂದ ಹುಳು ಹನ್ನೊಂದೋ ಹನ್ನೆರಡೋ. ಕೊನೆಗೆ ಗಡಿಯಾರ ನೋಡೋದು ಬಿಟ್ಟೆ. ಒಂದು ಮೊಟ್ಟೆಯನ್ನು ಮೈಕ್ರೋಸ್ಕೋಪಿನಲ್ಲಿ ಪಕ್ಕದಿಂದ ಬೆಳಕು ಬೀಳಿಸಿ ನೋಡಿದರೆ, ಚರ್ಮದ ಮೇಲೆ ಹೊಳಪು ಹೋಗಿ, ಸೂಜಿ ಮುಟ್ಟಿಸಿದಾಗ ಚಿಕ್ಕ ಗುಳಿ ಬಿದ್ದು ನಿಧಾನ ಮೇಲೆ ಬರುವ ಒಂದು ಕ್ಷಣ ಇದೆ. ಅದೇ ಹದ. ಚಪಾತಿ ಹಿಟ್ಟು ಒತ್ತಿ ನೋಡುವ ಹಾಗೆ. ಅದು ಕೈಗೆ ಬಂದ ಮೇಲೆ ಮಳೆಗಾಲದಲ್ಲೂ ನೂರಕ್ಕೆ ನಲವತ್ತು ಮೊಟ್ಟೆ ಒಡೆಯುತ್ತಿದ್ದವು. ದುಡ್ಡು ಕೊಟ್ಟು ಮಾಡಿಸಿದ್ದಕ್ಕಿಂತ ನಮ್ಮದು ಕಡಿಮೆ ಇರಲಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಸೂಜಿ ತುದಿ ಯಾವ ಕೋನದಲ್ಲಿ, ಯಾವುದರ ಮೇಲೆ ಉಜ್ಜಿ ಒಡೆಯಬೇಕು ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ನಾಲ್ಕು ತಿಂಗಳ ಸಂಪಾದನೆ. ನಮ್ಮ ಲ್ಯಾಬಿಗೆ ಬಂದು ಒಂದು ವಾರ ಕೂರುವವರಿಗೆ ಖಂಡಿತ ತೋರಿಸುತ್ತೇನೆ.

ಇಷ್ಟಾದರೂ ಮೊದಲ ಒಂದು ಸಾವಿರದ ನೂರು ಮೊಟ್ಟೆಯಿಂದ ಒಂದೇ ಒಂದು ಟ್ರಾನ್ಸ್‌ಜೆನಿಕ್ ಸಿಗಲಿಲ್ಲ. ಹೆಲ್ಪರ್ ಪ್ಲಾಸ್ಮಿಡ್ (ಪಿ ಎಲಿಮೆಂಟನ್ನು ಹಾರಿಸುವ ಕಿಣ್ವ ಕೊಡುವ ಡಿಎನ್‌ಎ) ಕೆಟ್ಟಿದೆ ಅಂತ ಹೊಸದಾಗಿ ಮಾಡಿದೆ, ಡಿಎನ್‌ಎ ಮೂರು ಸಲ ತೊಳೆದೆ. ಆಗಲ್ಲ ಅಂದಿದ್ದವರು ಕಾರಿಡಾರಿನಲ್ಲಿ ಸಿಕ್ಕಾಗ ಏನೂ ಕೇಳದೆ ಭುಜ ತಟ್ಟಿ ಹೋಗುತ್ತಿದ್ದರು. ಅದು ಇನ್ನೂ ಕಷ್ಟ.

ತಪ್ಪು ಸಿಕ್ಕಿದ್ದು ಜೂನಿಯರ್ ಹುಡುಗಿಯಿಂದ. ನಾವು ಬಿಳಿ ಕಣ್ಣಿನ ನೊಣಕ್ಕೆ ಗುರುತಿಗಾಗಿ ಮಿನಿ-ವೈಟ್ ಅನ್ನೋ ಕಣ್ಣಿನ ಬಣ್ಣದ ಜೀನು ಹಾಕಿದ್ದೆವು, ಕೆಂಪು ಕಣ್ಣು ಹುಡುಕುತ್ತಿದ್ದೆವು. ಪ್ಯೂಪಾ ಗೂಡಿನಿಂದ ಹೊರಬಂದ ದಿನವೇ ನೋಡಿ, ಬಿಳಿ ಇದ್ದರೆ ಸೋಪು ನೀರಿನ ಬಾಟಲಿಗೆ ಸುರಿಯುತ್ತಿದ್ದೆವು. ಒಂದು ಶುಕ್ರವಾರ ಅವಳು ಸುರಿಯೋದು ಮರೆತು ಊರಿಗೆ ಹೋದಳು. ಸೋಮವಾರ ಬಂದು ನೋಡಿದರೆ ಆ ವಯಲಲ್ಲಿ ಎರಡು ನೊಣದ ಕಣ್ಣು ತಿಳಿ ಹಳದಿ. ಹಳೇ ಮಜ್ಜಿಗೆಯ ಬಣ್ಣ. ಮಿನಿ-ವೈಟ್ ಕಣ್ಣು ವಯಸ್ಸಾದ ಹಾಗೆ ಗಾಢವಾಗುತ್ತೆ ಅನ್ನೋದು ನಮಗೆಲ್ಲ ಗೊತ್ತಿದ್ದ ವಿಷಯವೇ. ಆದರೂ ಮೊದಲ ದಿನ ಅಷ್ಟು ಬಿಳಿ ಇರುತ್ತೆ ಅಂತ ಯಾರೂ ಎಣಿಸಿರಲಿಲ್ಲ. ಎಷ್ಟು ಲೈನ್ ಸೋಪು ನೀರಿಗೆ ಹೋಗಿವೆಯೋ. ಈಗ ನಾಲ್ಕು ದಿನ ಕಾಯದೆ ಒಂದು ನೊಣವನ್ನೂ ಬಿಸಾಡಲ್ಲ, ಹೋಲಿಸೋಕೆ ಪಕ್ಕದಲ್ಲಿ ಅಪ್ಪಟ ಬಿಳಿ ಕಣ್ಣಿನದೊಂದು ಇಟ್ಟುಕೊಂಡೇ ನೋಡುತ್ತೇವೆ.

ಲೈನ್ ಸಿಕ್ಕ ಮೇಲೆ ಎರಡನೇ ಪೆಟ್ಟು. ಇದು ವಿಜ್ಞಾನದ ಪೆಟ್ಟು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಮೊದಲ ತುಂಡು ದೊಡ್ಡದು. ಫ್ಯಾಬ್-7 ಜಾಗದ ಎಚ್‌ಎಸ್1, ಎಚ್‌ಎಸ್2 ಅನ್ನೋ ತುಣುಕು ಎಲ್ಲ ಇರಲಿ ಅಂತ ಉದಾರವಾಗಿ ಕತ್ತರಿಸಿದ್ದೆ, ಎಚ್‌ಎಸ್3ಯೂ ಒಳಗೆ ಬಂದಿತ್ತು. ಭ್ರೂಣದಲ್ಲಿ ಪಟ್ಟಿ ಇಲ್ಲ, ನರಮಂಡಲದಲ್ಲೂ ಬಣ್ಣ ಇಲ್ಲ. ತಡೆದುಬಿಟ್ಟಿದೆ ಅಂತ ಕುಣಿದೆ. ಮೇಡಂಗೆ ಫೋಟೋ ಕಳಿಸಿದೆ. ಎರಡು ವಾರದ ಮೇಲೆ ಹೋಮೋಝೈಗಸ್ ಮಾಡಿದಾಗ ಗಂಟಲು ಕಟ್ಟಿತು. ಒಂದು ಕಾಪಿಯ ನೊಣದ ಕಣ್ಣು ಕಿತ್ತಳೆ, ಎರಡು ಕಾಪಿಯದು ಅದಕ್ಕಿಂತ ತಿಳಿ, ಮೇಲೆ ಚುಕ್ಕಿ ಚುಕ್ಕಿ. ಎರಡು ಕಾಪಿ ಇದ್ದರೆ ಬಣ್ಣ ಜಾಸ್ತಿ ಆಗಬೇಕು ಅಲ್ವಾ? ಕಡಿಮೆ ಆಯಿತು ಅಂದರೆ ಅದು ಪಾಲಿಕೋಂಬ್‌ನ (ಜೀನುಗಳನ್ನು ಆರಿಸಿಡುವ ಪ್ರೋಟೀನುಗಳ ಗುಂಪು) ಕೆಲಸ. ಎಚ್‌ಎಸ್3 ಅಂದರೆ ಐಎಬಿ-7ರ ಪಿಆರ್‌ಇ, ಪಾಲಿಕೋಂಬ್ ಕೂರೋ ಜಾಗ. ನಾನು ನೋಡಿದ್ದು ಬದುವಿನ ತಡೆ ಅಲ್ಲ, ಊರಿಗೆ ಊರೇ ಕರೆಂಟ್ ತೆಗೆದ ಹಾಗೆ ಎಲ್ಲವನ್ನೂ ಆರಿಸುವ ಸೈಲೆನ್ಸಿಂಗ್.

ಪತ್ತೆ ಹಚ್ಚೋಕೆ ಇರೋ ದಾರಿ ಒಂದೇ. ತುಂಡನ್ನು ಎನ್‌ಹ್ಯಾನ್ಸರ್ ಮತ್ತು ಪ್ರೊಮೋಟರ್ ನಡುವೆ ಇಡಬೇಡಿ, ಎನ್‌ಹ್ಯಾನ್ಸರಿನ ಆಚೆ ಇಡಿ. ಬದು ಆಗಿದ್ದರೆ ಅಲ್ಲಿ ಕೂತರೆ ಏನೂ ಮಾಡಲ್ಲ. ಸೈಲೆನ್ಸರ್ ಆಗಿದ್ದರೆ ಎಲ್ಲಿ ಕೂತರೂ ಆರಿಸುತ್ತೆ. ನಮ್ಮ ದೊಡ್ಡ ತುಂಡು ಆಚೆ ಕೂತರೂ ಆರಿಸಿತು. ಆರು ತಿಂಗಳ ಕೆಲಸ ಅಲ್ಲಿಗೆ ಹೋಯಿತು. ಆಗಲೇ ಒಂದು ನಿಯಮ ಮಾಡಿಕೊಂಡೆ. ಪ್ರತಿ ತುಂಡಿಗೂ ಮೂರು ಜೊತೆಗಾರರು ಇರಲೇಬೇಕು. ನಡುವೆ ಇಟ್ಟದ್ದು, ಆಚೆ ಇಟ್ಟದ್ದು, ಅದೇ ಉದ್ದದ, ಏನೂ ತಡೆಯದ ಲ್ಯಾಂಬ್ಡಾ ಡಿಎನ್‌ಎ ನಡುವೆ ಇಟ್ಟದ್ದು. ಮೇಲೆ ಕ್ರೀ ಹಾಕಿ ಕಿತ್ತದ್ದು. ಇವಿಲ್ಲದೆ ಯಾರಾದರೂ ನನ್ನ ತುಂಡು ತಡೆಯುತ್ತೆ ಅಂದರೆ ನಾನು ನಂಬಲ್ಲ.

ಮೂರನೆಯದು ಸಣ್ಣದು, ಆದರೆ ಕುತೂಹಲ ಕೆರಳಿಸಿದ್ದು. ಪಾಸಿಟಿವ್ ಕಂಟ್ರೋಲಿಗೆ (ತಡೆಯುತ್ತೆ ಅಂತ ಮೊದಲೇ ಗೊತ್ತಿರೋದು) ಜಿಪ್ಸಿ ಅನ್ನೋ ಹಾರುವ ಡಿಎನ್‌ಎಯ ಇನ್ಸುಲೇಟರ್, ಅದೂ ಒಂಥರಾ ಬದುವೇ, ತೆಗೆದುಕೊಂಡಿದ್ದೆ, ಮುನ್ನೂರೈವತ್ತು ಬೇಸಿನ ಹತ್ತಿರ, ಎಸ್‌ಯು-ಹೇರಿ-ವಿಂಗ್ ಪ್ರೋಟೀನಿಗೆ ಹನ್ನೆರಡು ಜಾಗ ಇರೋದು. ಇದು ತಡೆಯಲೇಬೇಕು, ಪಠ್ಯದಲ್ಲಿ ಇರೋದೇ ಇದು. ತಡೆಯಲಿಲ್ಲ! ಪಟ್ಟಿ ಏಳೂ ಫಳಫಳ. ಪಿಸಿಆರ್ ಮಾಡಿದರೆ ಬ್ಯಾಂಡ್ ಇರಬೇಕಾದ್ದಕ್ಕಿಂತ ಮೇಲೆ. ಲೈಗೇಶನ್ನಿನಲ್ಲಿ ಎರಡು ಕಾಪಿ ಒಂದರ ಹಿಂದೆ ಒಂದು ಸೇರಿಬಿಟ್ಟಿದ್ದವು. ಎರಡು ಜಿಪ್ಸಿ ಇನ್ಸುಲೇಟರ್ ಪಕ್ಕಪಕ್ಕ ಇದ್ದರೆ ಒಂದಕ್ಕೊಂದು ಕೈಹಿಡಿದು ತಡೆ ಹೋಗುತ್ತೆ ಅಂತ 2001ರಲ್ಲಿ ಎರಡು ಗುಂಪು ತೋರಿಸಿದ್ದು ನೆನಪಾಯಿತು. ಬೇಕು ಅಂತ ಮಾಡಿದರೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ, ತಪ್ಪಿನಿಂದ ಸಿಕ್ಕಿತು. ಈ ಲೈನನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ, ಹೊಸ ಹುಡುಗರಿಗೆ ತೋರಿಸೋಕೆ. ಐಎಬಿ-5 ಎನ್‌ಹ್ಯಾನ್ಸರ್ ಮೂರು ಬದು ದಾಟಿ ಎಬಿಡಿ-ಬಿ ಜೀನಿನ ಪ್ರೊಮೋಟರಿಗೆ ಹೇಗೆ ತಲುಪುತ್ತೆ ಅಂತ ಕೇಳಿದಾಗ, ಬದು ಅಂದರೆ ಗೋಡೆ ಮಾತ್ರ ಅಲ್ಲ, ಇನ್ನೊಂದು ಬದು ಸಿಕ್ಕರೆ ಅದರ ಜೊತೆ ಕೂಡುತ್ತೆ ಕೂಡ ಅಂತ ಈ ನೊಣ ಇಟ್ಟು ಹೇಳುತ್ತೇನೆ.

ಇನ್ನು ಬಣ್ಣ ಹಾಕೋ ಕೆಲಸ. ದುಡ್ಡು ಉಳಿಸೋಕೆ ಎಕ್ಸ್-ಗ್ಯಾಲ್‌ನಲ್ಲಿ (ಲ್ಯಾಕ್-ಝಡ್‌ನ ಪ್ರೋಟೀನ್ ಬೀಟಾ-ಗ್ಯಾಲ್ ಇದ್ದರೆ ನೀಲಿಯಾಗುವ ರಾಸಾಯನಿಕ) ಶುರು ಮಾಡಿದೆ. ಅದು ನಮ್ಮ ಪ್ರಶ್ನೆಗೆ ಆಗಲ್ಲ. ಬೀಟಾ-ಗ್ಯಾಲ್ ಪ್ರೋಟೀನ್ ಬಹಳ ಹೊತ್ತು ಉಳಿಯುತ್ತೆ. ಬೆಳಿಗ್ಗೆ ಹಚ್ಚಿದ ದೀಪದ ಬಿಸಿ ಮಧ್ಯಾಹ್ನವೂ ಇರುವ ಹಾಗೆ. ಯಾವ ಗಂಟೆಗೆ ಜೀನು ಆನ್ ಇತ್ತು ಅಂತ ತಿಳಿಯಬೇಕಾದರೆ ಆರ್‌ಎನ್‌ಎಯನ್ನೇ ನೋಡಬೇಕು. ಆ ಆರ್‌ಎನ್‌ಎಗೆ ಅಂಟುವ ಡಿಗ್ ಪ್ರೋಬ್, ಅದನ್ನು ಹಿಡಿಯುವ ಆಂಟಿಬಾಡಿ ಸೇರಿ ಮೂವತ್ತೈದು ಸಾವಿರ ಆಯಿತು. ಇಂಜೆಕ್ಷನ್ನಿನಲ್ಲಿ ಉಳಿಸಿದ್ದು ಇಲ್ಲಿ ಖರ್ಚಾಯಿತು, ಆದರೆ ಇಲ್ಲಿ ಜುಗ್ಗತನ ಮಾಡಬಾರದು. ಆಂಟಿಬಾಡಿಯನ್ನು ಬಳಸೋ ಮುಂಚೆ ಬಿಳಿ ಕಣ್ಣಿನ ನೊಣದ ಭ್ರೂಣದ ಜೊತೆ ಇಡೀ ರಾತ್ರಿ ಇಟ್ಟು ತೆಗೆದೆ, ಹಿನ್ನೆಲೆ ಬಣ್ಣ ಮುಕ್ಕಾಲು ಭಾಗ ಹೋಯಿತು. ಪ್ರೋಟೀನೇಸ್-ಕೆ ಎಲ್ಲರೂ ಹೇಳೋ ಹೊತ್ತಿನಲ್ಲಿ ಅರ್ಧ ಸಾಕು, ಮೊದಲ ಎರಡು ಬ್ಯಾಚ್ ನನಗೆ ಗಂಜಿಯಾಗಿತ್ತು. ಬ್ಲಾಕಿಂಗಿಗೆ ಒಂದು ಅಡುಗೆಮನೆ ಸಾಮಾನು ಸೇರಿಸುತ್ತೇವೆ. ಅದನ್ನು ಪೇಪರ್ ಬಂದ ಮೇಲೆ ಹೇಳುತ್ತೇನೆ.

ಕ್ರೀ ಸ್ಟಾಕ್ ಅಮೆರಿಕದ ಬ್ಲೂಮಿಂಗ್ಟನ್ ಸ್ಟಾಕ್ ಸೆಂಟರಿನಿಂದ ಬರಬೇಕಿತ್ತು. ಪರವಾನಗಿ ಕಾಗದಕ್ಕೇ ಎರಡು ತಿಂಗಳು. ಪಾರ್ಸೆಲ್ ದಾರಿಯಲ್ಲಿ ಎಲ್ಲೋ ಬಿಸಿಲಲ್ಲಿ ಕೂತಿರಬೇಕು, ಮೂರನೇ ವಾರ ಕೈಗೆ ಬಂದಾಗ ಎಲ್ಲ ನೊಣ ಸತ್ತು ಊಟ ಒಣಗಿತ್ತು. ಬಿಸಾಡಬೇಕು ಅನ್ನುವಷ್ಟರಲ್ಲಿ ಅಣ್ಣ ವಯಲಿಗೆ ಎರಡು ಹನಿ ಯೀಸ್ಟ್ ನೀರು ಬಿಟ್ಟು 18 ಡಿಗ್ರಿಯಲ್ಲಿಟ್ಟರು. ಹತ್ತು ದಿನಕ್ಕೆ ಗೋಡೆಗೆ ಅಂಟಿದ್ದ ಪ್ಯೂಪಾ ಗೂಡುಗಳಿಂದ ಐದು ನೊಣ ಹೊರಬಂದವು, ಮೂರು ಹೆಣ್ಣು. ಇವತ್ತು ನಮ್ಮಲ್ಲಿರೋ ಇಡೀ ಕ್ರೀ ಸ್ಟಾಕ್ ಆ ಐದರ ಸಂತಾನ. ಅಣ್ಣನ ಹೆಸರು ಪೇಪರಿನಲ್ಲಿ ಇರುತ್ತೆ, ಇದು ನಾನು ಮೇಡಂ ಹತ್ತಿರ ಮಾತು ತಗೊಂಡಿರುವ ವಿಷಯ.

ಇಷ್ಟರಲ್ಲಿ ತುಂಡನ್ನು ಚಿಕ್ಕದು ಮಾಡಿದ್ದೆ. ಪಿಆರ್‌ಇ ಬಿಟ್ಟು, 1.2 ಸಾವಿರ ಬೇಸಿನ ಬದು ಮಾತ್ರ ಇಟ್ಟಾಗ ಬೇಗದ ಪಟ್ಟಿಯನ್ನೂ ತಡವಾದ ನರಮಂಡಲವನ್ನೂ ತಡೆಯಿತು. ಆಚೆ ಇಟ್ಟಾಗ ಏನೂ ಮಾಡಲಿಲ್ಲ. ಸರಿ, ಇದು ಬದುವೇ. ಆಮೇಲೆ ಎಚ್‌ಎಸ್1ರ ಒಂದು ಬದಿಯ ತುಂಡು ಮಾತ್ರ, ಎಲ್ಬಾ ಅನ್ನೋ ಪ್ರೋಟೀನ್ ಕೂರೋ ಜಾಗ ಇರೋದು. ಒಂದು ಕಾಪಿಯಲ್ಲಿ ಫಲಿತಾಂಶ ಮಸುಕು. ನಾಲ್ಕು ಕಾಪಿ ಸಾಲಾಗಿ ಹಾಕಬೇಕಾಯಿತು, ಎಲ್ಲ ಸೇರಿ ಸಾವಿರ ಬೇಸಿನ ಹತ್ತಿರ. ಒಂದೇ ಥರದ ತುಂಡು ಸಾಲಾಗಿದ್ದರೆ ಬ್ಯಾಕ್ಟೀರಿಯಾ ಕಿತ್ತು ಕಿತ್ತು ಹಾಕುತ್ತೆ. 37 ಬಿಟ್ಟು 30 ಡಿಗ್ರಿಯಲ್ಲಿ ಬೆಳೆಸಿ, ಹದಿನೆಂಟು ಕಾಲೊನಿ ನೋಡಿದಾಗ ಒಂದರಲ್ಲಿ ನಾಲ್ಕೂ ಉಳಿದಿದ್ದವು. ಜೊತೆಗೆ ಎಲ್ಬಾ ಕೂರೋ ಜಾಗದ ಎಂಟು ಅಕ್ಷರ ಬದಲಿಸಿದ ಇನ್ನೊಂದು. ಹೆಚ್ಚುಕಮ್ಮಿ ಮುನ್ನೂರೈವತ್ತು ಮೊಟ್ಟೆ ಚುಚ್ಚಿ ಮೊದಲನೆಯದಕ್ಕೆ ನಾಲ್ಕು ಲೈನ್, ಎರಡನೆಯದಕ್ಕೆ ಮೂರು ಲೈನ್ ಸಿಕ್ಕವು.

ಈ ನಡುವೆ ಒಂದು ಸಲ ಸಮಿತಿ ಮುಂದೆ ಕೂತಿದ್ದೆ. 'ನೊಣದ ಹೊಟ್ಟೆಯಲ್ಲಿ ಬದು ಹುಡುಕಿ ಜನಕ್ಕೆ ಏನು ಉಪಯೋಗ?' ಅಂತ ಒಬ್ಬರು ಕೇಳಿದರು. 2015ರಲ್ಲಿ ಬರ್ಲಿನ್ನಿನ ಸ್ಟೆಫಾನ್ ಮುಂಡ್ಲೋಸ್ ಗುಂಪು ತೋರಿಸಿದ್ದನ್ನು ಹೇಳಿದೆ. ಇಪಿಎಚ್‌ಎ4 ಜೀನಿನ ಅಕ್ಕಪಕ್ಕದ ಬದು ಕಿತ್ತುಹೋದ, ಇಲ್ಲ ಅಡ್ಡಾದಿಡ್ಡಿಯಾದ ಕುಟುಂಬಗಳಲ್ಲಿ ಮಕ್ಕಳ ಬೆರಳು ಮೊಟಕಾಗಿ, ಅಂಟಿಕೊಂಡು, ಇಲ್ಲ ಜಾಸ್ತಿಯಾಗಿ ಹುಟ್ಟುತ್ತವೆ. ತೊಂದರೆ ಕೊಡುವ ಜೀನು ತಾನಾಗಿ ಕೆಟ್ಟಿರಲ್ಲ. ಪಕ್ಕದ ಎನ್‌ಹ್ಯಾನ್ಸರ್ ತಪ್ಪು ಜೀನನ್ನು ಎಬ್ಬಿಸಿರುತ್ತೆ, ಅಷ್ಟೇ. ಅವರು ತಲೆದೂಗಿದರು. ಡಿಎನ್‌ಎಯ ಯಾವ ಭಾಗ ಯಾವುದರ ಹತ್ತಿರ ಇದೆ ಅಂತ ತೋರಿಸುವ ಹೈ-ಸಿ ಮ್ಯಾಪ್ ಮಾಡಿ ಅಂದರು ಇನ್ನೊಬ್ಬರು. ಹೈ-ಸಿ ಯಾರು ಯಾರನ್ನು ಮುಟ್ಟುತ್ತಿದ್ದಾರೆ ಅಂತ ಹೇಳುತ್ತೆ. ತಡೆಯುತ್ತಿದೆಯಾ ಇಲ್ವಾ ಅಂತ ತಿಳಿಯೋಕೆ ಕಿತ್ತು ನೋಡಲೇಬೇಕು. ನಾನು ಹಾಗೇ ಹೇಳಿದೆ, ಈಗಲೂ ಹಾಗೇ ಹೇಳುತ್ತೇನೆ.

ಡಿಸೆಂಬರಿನ ಒಂದು ರಾತ್ರಿ. ಎರಡು ಡಬ್ಬಿ ಭ್ರೂಣ. ಒಂದು 2ರಿಂದ 4 ಗಂಟೆಯದು, ಇನ್ನೊಂದು 8ರಿಂದ 12 ಗಂಟೆಯದು. ಎರಡನ್ನೂ ಒಂದೇ ಟ್ಯೂಬಿನಲ್ಲಿ ಸೇರಿಸಿ ಬಣ್ಣ ಹಾಕಿದ್ದೆ, ಒಂದಕ್ಕೆ ಜಾಸ್ತಿ ಹೊತ್ತು ಬಿಟ್ಟೆ, ಇನ್ನೊಂದಕ್ಕೆ ಕಡಿಮೆ ಅಂತ ಯಾರೂ ಹೇಳಬಾರದು ಅಂತ. ಹತ್ತೂವರೆಗೆ ಸ್ಲೈಡ್ ಇಟ್ಟು ಫೋಕಸ್ ತಿರುಗಿಸಿದೆ. ಎಳೆ ಭ್ರೂಣಗಳು, ಅಂಚಿನಲ್ಲಿ ಜೀವಕೋಶದ ಸಾಲು ಆಗಷ್ಟೇ ಕಟ್ಟಿಕೊಂಡಿದ್ದವು, ಬರೀ ಬೆಳ್ಳಗೆ. ಒಂದೇ ಒಂದು ಪಟ್ಟಿಯ ನೆರಳೂ ಇಲ್ಲ. ಅದೇ ಗಾಜಿನ ಮೇಲೆ, ಒಂದು ಕೂದಲೆಳೆ ಪಕ್ಕದಲ್ಲಿ ಬಲಿತ ಭ್ರೂಣ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಅದರ ನಡುವೆ ಉದ್ದಕ್ಕೂ ನರಮಂಡಲ ಏಣಿಯ ಮೆಟ್ಟಿಲಿನ ಹಾಗೆ ನೇರಳೆ. ಬೇಗ ತಡೆ, ತಡವಾಗಿ ತೆರೆ. ಕ್ರೀ ಹಾಕಿ ಕಿತ್ತ ಅದೇ ಲೈನಿನ ಸ್ಲೈಡ್ ಇಟ್ಟೆ. ಎಳೆ ಭ್ರೂಣದಲ್ಲಿ ಏಳು ಪಟ್ಟಿ, ಎಣಿಸಬಹುದು. ನರಮಂಡಲ ಮೊದಲಿನ ಹಾಗೇ. ಎಂಟು ಅಕ್ಷರ ಬದಲಿಸಿದ್ದರಲ್ಲೂ ಏಳು ಪಟ್ಟಿ. ನಾಲ್ಕು ಲೈನಲ್ಲಿ ನಾಲ್ಕೂ ಒಂದೇ ಮಾತು ಹೇಳಿದವು. ಪಿ ಎಲಿಮೆಂಟ್ ಎಲ್ಲಿ ಬೇಕಾದರೂ ಕೂರಲಿ ಬಿಡಿ.

ಆ ರಾತ್ರಿಯೇ ಮೇಡಂಗೆ ಫೋನ್ ಮಾಡಿದೆ. ಹನ್ನೊಂದು ಗಂಟೆಗೆ ಸ್ಕೂಟರಿನಲ್ಲಿ ಬಂದರು. ಕೋಟು ಹಾಕಿಕೊಂಡೇ ಕೂತು, ಎಳೆಯದರಿಂದ ಬಲಿತದ್ದಕ್ಕೆ, ಬಲಿತದ್ದರಿಂದ ಎಳೆಯದಕ್ಕೆ ಸ್ಟೇಜ್ ಆಡಿಸುತ್ತಲೇ ಇದ್ದರು. 'ಆಚೆ ಇಟ್ಟದ್ದು ಎಲ್ಲಿ?' ಅಂದರು. ಅದೂ ತಯಾರಿತ್ತು. ಅದರಲ್ಲಿ ಏಳು ಪಟ್ಟಿ ನೋಡಿದ ಮೇಲೆ ಮಾತ್ರ ನಕ್ಕರು.

ಎಲ್ಲ ಸೇರಿ ಖರ್ಚು ಒಂದು ಲಕ್ಷ ಹತ್ತು ಸಾವಿರದ ಆಸುಪಾಸು. ಬರೀ ಇಂಜೆಕ್ಷನ್ ಹೊರಗೆ ಕೊಟ್ಟಿದ್ದರೂ ಅದಕ್ಕಿಂತ ಜಾಸ್ತಿ ಆಗುತ್ತಿತ್ತು. ಪೋಸ್ಟರ್ ಮುಂದೆ ನಿಂತಿದ್ದ ಹಿರಿಯರಿಗೆ ಫೋಟೋ ಕಳಿಸಿದೆ. ಮಾರನೇ ದಿನ ಉತ್ತರ ಬಂತು, ಅವರ ವಿದ್ಯಾರ್ಥಿಯೊಬ್ಬನನ್ನು ಹದಿನೈದು ದಿನ ಸೂಜಿ ಕೆಲಸ ಕಲಿಯಲು ಕಳಿಸಬಹುದಾ ಅಂತ. ಬರಲಿ ಅಂದೆ.

ಪಕ್ಕದಲ್ಲಿ ಇನ್ನೊಂದು ಹುಚ್ಚು ನಡೆಯುತ್ತಿದೆ. ಹಿತ್ತಲಲ್ಲಿ ಕೊಳೆತ ಬಾಳೆಹಣ್ಣು ಇಟ್ಟು ಹಿಡಿದ ಅನನಾಸೆ ಅನ್ನೋ ಇನ್ನೊಂದು ಜಾತಿಯ ಹಣ್ಣುನೊಣದಿಂದ ಇದೇ ಜಾಗದ ಬದುವನ್ನು ತೆಗೆಯಬೇಕು ಅಂತ. ಅದರ ಜೀನೋಮ್ 2007ರಿಂದಲೇ ಎಲ್ಲರಿಗೂ ಸಿಗುತ್ತೆ, ಆದರೂ ನನ್ನ ಮೂರು ಜೊತೆ ಪ್ರೈಮರ್ ಕೈಕೊಟ್ಟಿವೆ, ನಾಲ್ಕನೆಯದಕ್ಕೆ ಆರ್ಡರ್ ಹಾಕಿದ್ದೇನೆ. ಅದಕ್ಕಿಂತ ಮೊದಲು ಗಾಗಾ ಪ್ರೋಟೀನ್ ಕೂರೋ ಜಾಗಗಳನ್ನು ಒಂದೊಂದಾಗಿ ಕೆಡಿಸಿದ ತುಂಡುಗಳು ತಯಾರಾಗಿವೆ. ಬೇರೆ ಬೇರೆ ಗಾಗಾ ಜಾಗ ಬೇರೆ ಬೇರೆ ಹೊತ್ತಿಗೆ ಬೇಕು ಅಂತ 2004ರಿಂದ ಗೊತ್ತಿದೆ, ನಮ್ಮ ಗಡಿಯಾರದಲ್ಲಿ ಅದು ಹೇಗೆ ಕಾಣುತ್ತೆ ನೋಡಬೇಕು. ಗುರುವಾರದಿಂದ ಚುಚ್ಚೋದು ಶುರು. ಅಣ್ಣ ನಿನ್ನೆಯೇ ಐದು ಕೆಜಿ ದ್ರಾಕ್ಷಿ, ಎರಡು ಅಚ್ಚು ಕಪ್ಪು ಬೆಲ್ಲ ತಂದಿಟ್ಟಿದ್ದಾರೆ.